ಹದಿನೇಳನೇ ನಂಬರಿನ ಹೊಳಪು

ಮದುವೆಯ ಮಾತುಕತೆಯ ದಿನ ಹುಡುಗ ಏನು ಮಾಡಿಕೊಂಡಿದ್ದಾನೆ ಎಂದು ಕೇಳಿದವರಿಗೆ "ಪ್ರಯೋಗಾಲಯದಲ್ಲಿದ್ದಾನೆ" ಎಂಬ ಉತ್ತರ ಸಿಕ್ಕಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ಅವನು ಪ್ರಯೋಗಾಲಯದಲ್ಲೇ ಇರುತ್ತಿದ್ದ. ಅದರ ಹಿಂಭಾಗದ ಕೋಣೆಯಲ್ಲಿ, ಎರಡು ಕಲ್ಲಿನ ತೊಟ್ಟಿಗಳ ಮುಂದೆ, ಮೊಣಕೈವರೆಗೆ ರಬ್ಬರ್ ಗ್ಲೌಸು ಏರಿಸಿಕೊಂಡು ಗಾಜಿನ ಸಾಮಾನು ತೊಳೆಯುತ್ತಿದ್ದ. ಅಲ್ಲಿದ್ದು ಮಾಡುವುದೇನು ಎಂಬ ಎರಡನೆಯ ಪ್ರಶ್ನೆಯನ್ನು ಬೀಗರ ಕಡೆಯವರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ಮದುವೆ ಕೆಡಿಸಿಕೊಳ್ಳುವಷ್ಟು ದಡ್ಡ ಅವನಾಗಿರಲಿಲ್ಲ.

ಪ್ರಯೋಗಾಲಯದವರು ಅವನನ್ನು ಸೀಸೆ ಎಂದು ಕರೆಯುತ್ತಿದ್ದರು. ಕೋಪ ಬಂದಾಗ ಖಾಲಿ ಸೀಸೆ. ಮನೆಯಲ್ಲಿ ಮಾತ್ರ ಅವನು ವಿಜ್ಞಾನಿ. ಜೊತೆಗೇ ಇದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಮನೆಯಿದ್ದ ಮೂರಂತಸ್ತಿನ ಕಟ್ಟಡದ ಮೆಟ್ಟಿಲುಗಳ ಮೇಲೆ ಎದುರಾದವರಿಗೆಲ್ಲ ನಮ್ಮಳಿಯಂದ್ರು ಪ್ರಯೋಗ ಮಾಡ್ತಾರೆ ಎಂದು ಹೇಳಿ, ಅವರು ನಂಬಿದ ಮೇಲೇ ದಾರಿ ಬಿಡುತ್ತಿದ್ದರು. ಹೆಂಡತಿಗೆ ನಿಜ ಗೊತ್ತಿತ್ತು. ಗಂಡನ ಮಾನ, ತಾಯಿಯ ನೆಮ್ಮದಿ ಎರಡೂ ಒಂದೇ ಸುಳ್ಳಿನಲ್ಲಿ ಉಳಿಯುವಾಗ ನಡುವೆ ಬಾಯಿ ಹಾಕುವುದೇಕೆ ಎಂದು ಅವಳು ಸುಮ್ಮನಿದ್ದಳು.

ತೊಂದರೆ ಬೇರೆ ಕಡೆ ಇತ್ತು. ಹನ್ನೊಂದು ವರ್ಷವಾದರೂ ಸೀಸೆಯ ಕೆಲಸ ತಾತ್ಕಾಲಿಕ. ಆರು ತಿಂಗಳಿಗೊಮ್ಮೆ ಮುಂದುವರಿಸಿದ ಕಾಗದ ಬರುತ್ತಿತ್ತು. ಈ ಸಲ ಬರುವುದಿಲ್ಲ ಎಂದು ಕಚೇರಿಯವರು ಹೇಳಿದ್ದರು. ಒಂದೋ ಖಾಯಂ, ಇಲ್ಲವೇ ಮನೆ. ಖಾಯಂ ಆದರೆ ಹುದ್ದೆಯ ಹೆಸರು 'ಪ್ರಯೋಗಾಲಯ ಸಹಾಯಕ' ಎಂದಾಗುತ್ತಿತ್ತು. ಅತ್ತೆ ಏಳು ವರ್ಷದಿಂದ ಹೇಳಿಕೊಂಡು ಬಂದದ್ದಕ್ಕೆ ಸರ್ಕಾರದ ಮೊಹರು ಬೀಳುತ್ತಿತ್ತು. ಮನೆಗೆ ಹೋದರೆ ಏನು ಬೀಳುತ್ತಿತ್ತೆಂದು ಅವನು ಲೆಕ್ಕ ಹಾಕಲು ಹೋಗಲಿಲ್ಲ.

ಪ್ರಯೋಗಾಲಯದ ಎರಡನೇ ಮಹಡಿಯ ವಿಜ್ಞಾನಿ ಮೇಡಂ ಎರಡು ವರ್ಷದಿಂದ ಒಂದು ಸಂಶೋಧನೆ ಹಿಡಿದಿದ್ದರು. ಕೆಲವು ಜಾತಿಯ ಬ್ಯಾಕ್ಟೀರಿಯಾ ಎಣ್ಣೆ ತಿಂದು ಬದುಕುತ್ತವೆ. ಎಣ್ಣೆ ನೀರಿಗೆ ಬೆರೆಯದ್ದರಿಂದ ಅದನ್ನು ಒಡೆದು ಬೆರೆಸಿಕೊಳ್ಳಲು ತಮ್ಮ ಮೈಯಿಂದಲೇ ಸೋಪಿನಂಥ ದ್ರವ ಬಿಡುತ್ತವೆ. ಅಂಥದ್ದೊಂದು ಬಲವಾದ ಜಾತಿ ಸಿಕ್ಕರೆ ಎಣ್ಣೆಯ ಟ್ಯಾಂಕುಗಳ ತಳ ತೊಳೆಯಬಹುದು, ಜಿಡ್ಡು ಸುರಿದು ಕೆಟ್ಟ ಮಣ್ಣನ್ನು ಸರಿಮಾಡಬಹುದು, ಗಿಡಕ್ಕೆ ಹೊಡೆಯುವ ಔಷಧಿ ಎಲೆಯ ಮೇಲೆ ಹನಿಗಟ್ಟಿ ಉರುಳದೆ ಹರಡುವಂತೆ ಮಾಡಬಹುದು. ಕೆಲಸ ಮುಗಿದ ಮೇಲೆ ಅದು ಮಣ್ಣಿನಲ್ಲಿ ತಾನಾಗಿ ಕರಗಿಹೋಗುತ್ತದೆ. ಇದನ್ನೆಲ್ಲ ಮೇಡಂ ಆ ದಿನಗಳಲ್ಲೊಮ್ಮೆ ಸಭೆ ಕರೆದು ವಿವರಿಸಿ, ನಿಮ್ಮ ಸುತ್ತಮುತ್ತ ಎಣ್ಣೆ ಜಿಡ್ಡು ಇರುವ ಜಾಗ ಎಲ್ಲೇ ಇದ್ದರೂ ಒಂದು ಚಮಚ ಕೆಸರು ತನ್ನಿ ಎಂದರು. ಒಬ್ಬ ಗ್ಯಾರೇಜಿನಿಂದ ತಂದ. ಇನ್ನೊಬ್ಬ ರೈಲು ನಿಲ್ದಾಣದ ಹಳಿಯ ನಡುವಿನಿಂದ ತಂದ. ಸೀಸೆ ಮನೆಯ ಸಿಂಕಿನ ಕೆಳಗಿನ ಕೊಳವೆ ಬಿಚ್ಚಿದ.

ಆ ಕೊಳವೆಗೆ ಇತಿಹಾಸವಿತ್ತು. ಅತ್ತೆಗೆ ಕರಿಯುವುದೆಂದರೆ ಪ್ರಾಣ. ಕರಿದು ಉಳಿದ ಎಣ್ಣೆಯನ್ನೆಲ್ಲ ಅವರು ಸಿಂಕಿಗೆ ಸುರಿಯುತ್ತಿದ್ದರು. ಅದು ಕೊಳವೆಯಲ್ಲಿಳಿದು ಕೆಳಮನೆಯ ನಿವೃತ್ತ ಹೆಡ್‌ಮೇಷ್ಟ್ರ ಬಚ್ಚಲ ಗೋಡೆಯಲ್ಲಿ ಕಪ್ಪಗೆ ಜಿನುಗುತ್ತಿತ್ತು. ಮೇಷ್ಟ್ರು ನಾಲ್ಕು ವರ್ಷದಿಂದ ನಗರಸಭೆಗೆ ಅರ್ಜಿ ಬರೆಯುತ್ತಿದ್ದರು. ಪ್ರತಿ ಅರ್ಜಿಯೂ ನಾಲ್ಕು ಪುಟ, ಕೊನೆಯ ಪುಟದಲ್ಲಿ ಗೋಡೆಯ ಚಿತ್ರ.

ಸೀಸೆ ತಂದ ಕೆಸರಿಗೆ ಹದಿನೇಳನೇ ನಂಬರು ಸಿಕ್ಕಿತು. ಅಲ್ಲಿಂದ ಶುರುವಾಯಿತು.

ಗಾಜು ತೊಳೆಯುವುದಕ್ಕೆ ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿದೆ. ಸೋಪು ಹಾಕಿ ಉಜ್ಜಿದ ಮೇಲೆ ನಲ್ಲಿ ನೀರಿನಲ್ಲಿ ಮೂರು ಸಲ, ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ ಜಾಲಿಸಬೇಕು. ಸೀಸೆ ಹನ್ನೊಂದು ವರ್ಷದಿಂದ ಒಂದು ಸಲವನ್ನೂ ತಪ್ಪಿಸಿರಲಿಲ್ಲ. ಆದರೆ ಹಾಗೆ ತೊಳೆದ ಗಾಜು ಒಣಗಿದ ಮೇಲೆ ಅಲ್ಲಲ್ಲಿ ನೀರಿನ ಹನಿಯ ಗುರುತು ಉಳಿಯುತ್ತಿತ್ತು. ಬೇರೆಯವರ ಕೆಸರಿಗೆ ಆ ಗಾಜು ಸಾಕು. ತನ್ನ ಮನೆಯ ಕೆಸರನ್ನು ಕಲೆಯಿರುವ ಗಾಜಿನಲ್ಲಿ ಕೂರಿಸುವುದೆಂದರೆ ಮಗುವನ್ನು ತಲೆ ಬಾಚದೆ ಶಾಲೆಗೆ ಕಳಿಸಿದ ಹಾಗೆ. ದೊಡ್ಡ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಅವನ ಷಡ್ಡಕ ಹಿಂದೊಮ್ಮೆ ಒಂದು ಗುಟ್ಟು ಹೇಳಿಕೊಟ್ಟಿದ್ದ. ಎಲ್ಲ ಜಾಲಿಸಿಯಾದ ಮೇಲೆ ಒಂದು ಬಕೆಟ್ ನೀರಿಗೆ ಅರ್ಧ ಮುಚ್ಚಳ ಸೋಪಿನ ದ್ರವ ಹಾಕಿ, ಅದರಲ್ಲೊಮ್ಮೆ ಅದ್ದಿ ತೆಗೆದು ಒಣಗಿಸಬೇಕು. ಹನಿ ನಿಲ್ಲುವುದಿಲ್ಲ, ಕಲೆ ಬೀಳುವುದಿಲ್ಲ, ಗಾಜು ಫಳಫಳ ಹೊಳೆಯುತ್ತದೆ. ಹದಿನೇಳು ಎಂದು ಚೀಟಿ ಅಂಟಿಸುವ ಗಾಜಿಗೆಲ್ಲ ಸೀಸೆ ಈ ಕೊನೆಯ ಅದ್ದುವಿಕೆಯನ್ನು ಪ್ರೀತಿಯಿಂದ ಮಾಡಿದ. ಯಾರಿಗೂ ಹೇಳಲಿಲ್ಲ. ಒಳ್ಳೆಯ ಕೆಲಸವನ್ನು ಹೇಳಿಕೊಳ್ಳಬಾರದಲ್ಲ.

ಮೇಡಂ ಅವರ ಪರೀಕ್ಷೆ ಸರಳವಾಗಿತ್ತು. ತಟ್ಟೆಯಲ್ಲಿ ನೀರು, ನೀರಿನ ಮೇಲೆ ತೆಳ್ಳಗೆ ಕಪ್ಪು ಇಂಜಿನ್ ಎಣ್ಣೆ, ಎಣ್ಣೆಯ ನಡುವೆ ಬ್ಯಾಕ್ಟೀರಿಯಾ ಬೆಳೆಸಿದ ನೀರಿನ ಒಂದು ಹನಿ. ಹನಿಯಲ್ಲಿ ಸೋಪಿನ ಗುಣವಿದ್ದರೆ ಎಣ್ಣೆ ಹಿಂದೆ ಸರಿದು ನಡುವೆ ತಿಳಿ ವೃತ್ತ ಬಿಡುತ್ತದೆ. ಗ್ಯಾರೇಜಿನ ಕೆಸರು ಕಡಲೆ ಕಾಳಿನಷ್ಟು ವೃತ್ತ ಬಿಟ್ಟಿತು. ಹಳಿಯ ಕೆಸರು ಅದನ್ನೂ ಬಿಡಲಿಲ್ಲ. ಹದಿನೇಳರ ಹನಿ ಬಿದ್ದದ್ದೇ ತಡ, ಎಣ್ಣೆ ಬೆದರಿದ ಕುರಿಹಿಂಡಿನಂತೆ ತಟ್ಟೆಯ ಅಂಚಿಗೆ ಓಡಿ ನಿಂತಿತು.

ಮೇಡಂ ಅನುಮಾನದ ಮನುಷ್ಯೆ. ಹೋಲಿಸಿ ನೋಡಲು ಬ್ಯಾಕ್ಟೀರಿಯಾ ಇಲ್ಲದ ಬರೀ ನೀರಿನ ಟ್ಯೂಬುಗಳನ್ನೂ ಇಡುತ್ತಿದ್ದರು. ಅವನ್ನು ಯಾರೂ ಮುಟ್ಟಬಾರದೆಂದು ತಾವೇ ತೊಳೆದು, ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಅಂಥ ಟ್ಯೂಬಿನ ನೀರು ಹನಿಸಿದರು. ಎಣ್ಣೆ ಅಲ್ಲಾಡಲಿಲ್ಲ. ಹತ್ತು ಸಲ ಮಾಡಿ ನೋಡಿದರು. ಹದಿನೇಳು ಹತ್ತು ಸಲವೂ ಗೆದ್ದಿತು. ಇಡೀ ಕಟ್ಟಡದಲ್ಲಿ ಸೀಸೆಯ ಕೈ ಸೋಕದ ಗಾಜೆಂದರೆ ಆ ಬೀರುವಿನದು ಮಾತ್ರ. ಮೇಡಂ ಅವರ ಎಚ್ಚರಿಕೆಯೇ ಅವರನ್ನು ಹಳ್ಳಕ್ಕೆ ಕೆಡವಿತು.

ಸುದ್ದಿ ನಿರ್ದೇಶಕರ ಕೋಣೆಗೆ ಹೋಗುವಷ್ಟರಲ್ಲಿ ವೃತ್ತ ಎರಡರಷ್ಟಾಗಿತ್ತು, ಅವರ ಕೋಣೆಯಿಂದ ಇಲಾಖೆಗೆ ಹೋಗುವಷ್ಟರಲ್ಲಿ ನಾಲ್ಕರಷ್ಟು. ಇಲಾಖೆಯ ಕಾರ್ಯದರ್ಶಿಗಳೇ ಬಂದು ಕಣ್ಣಾರೆ ನೋಡುವರೆಂದು ಉತ್ತರ ಬಂತು. ಅದೇ ದಿನ ಸೀಸೆಯ ಖಾಯಂ ಕಡತಕ್ಕೂ ಅವರ ಸಹಿ ಹಾಕಿಸುವುದಾಗಿ ನಿರ್ದೇಶಕರು ಮಾತು ಕೊಟ್ಟರು. ಕೆಸರು ಕೊಟ್ಟ ಕೈಯನ್ನು ಮರೆಯಬಾರದು ಎಂದರು.

ಇತ್ತ ಮನೆಯ ಕಟ್ಟಡದಲ್ಲಿ ಅತ್ತೆಯನ್ನು ಹಿಡಿಯುವವರಿರಲಿಲ್ಲ. ಬ್ಯಾಕ್ಟೀರಿಯಾ ಅಳಿಯನದಾದರೂ ಅದನ್ನು ಸಾಕಿದ್ದು ತಾನು, ಏಳು ವರ್ಷ ಎಣ್ಣೆ ಕೊಟ್ಟು ಬೆಳೆಸಿದ್ದು ತಾನು. ಕೊಳವೆ ತೊಳೆಯಲು ಕೊನೆಗೂ ಬಂದ ನಗರಸಭೆಯ ಆರೋಗ್ಯಾಧಿಕಾರಿಯನ್ನು ಅವರು ಬಾಗಿಲಲ್ಲೇ ತಡೆದು, ಇದನ್ನು ಮುಟ್ಟಬಾರದೆಂದು ನಿರ್ದೇಶಕರು ಬರೆದ ಪತ್ರ ತೋರಿಸಿದರು. ಆರೋಗ್ಯಾಧಿಕಾರಿ ಪತ್ರ ಓದಿ, ಸಿಂಕಿಗೆ ಒಂದು ಗೌರವದ ನೋಟ ಕೊಟ್ಟು ಹೊರಟುಹೋದರು.

ನಾಲ್ಕು ವರ್ಷದ ಅರ್ಜಿಗಳ ಫಲ ಕಣ್ಣೆದುರೇ ಮೆಟ್ಟಿಲಿಳಿದು ಹೋಗುವುದನ್ನು ಮೇಷ್ಟ್ರು ನೋಡಿದರು. ಮಾರನೇ ದಿನ ಅವರ ವಾದ ಬದಲಾಗಿತ್ತು.

"ಕೊಳವೆ ನಿಮ್ಮ ನೆಲ ದಾಟಿದ ಮೇಲೆ ನಮ್ಮ ಮನೇದು. ಒಳಗಿರೋದೂ ನಮ್ಮದೇ."

"ಹುಟ್ಟಿದ್ದು ಎಲ್ಲಿ ಮೇಷ್ಟ್ರೇ?" ಎಂದರು ಅತ್ತೆ.

"ಹುಟ್ಟಿದ್ದೆಲ್ಲಾದ್ರೂ ಆಗ್ಲಿ, ನಾಲ್ಕು ವರ್ಷದಿಂದ ವಾಸ ಇರೋದು ನಮ್ಮ ಗೋಡೇಲಿ."

ಮಾತಿಗೆ ನಿಲ್ಲದೆ ಅವರು ತಮ್ಮ ಬಚ್ಚಲ ಗೋಡೆಯಿಂದ ಕೆರೆದ ಕೆಸರನ್ನು ಔಷಧಿಯ ಬಾಟಲಿಗೆ ತುಂಬಿ, ನಾಲ್ಕು ಪುಟದ ಪತ್ರದೊಂದಿಗೆ ಪ್ರಯೋಗಾಲಯಕ್ಕೆ ಕಳಿಸಿದರು. ಅದಕ್ಕೆ ಮೂವತ್ತೊಂದನೇ ನಂಬರು ಸಿಕ್ಕಿತು. ಒಂದೇ ಕೊಳವೆಯದ್ದನ್ನು ಎರಡು ಸಲ ನೋಡುವುದೇನು ಎಂದು ಮೇಡಂ ಅದನ್ನು ಫ್ರಿಜ್ಜಿನ ಮೂಲೆಗೆ ತಳ್ಳಿದರು.

ಕಾರ್ಯದರ್ಶಿಗಳು ಬರಲು ನಾಲ್ಕು ದಿನವಿದ್ದಾಗ ಭಾನುವಾರ ಬಂತು. ಮೇಲಿನ ಮನೆ, ಪಕ್ಕದ ಮನೆಯವರನ್ನೆಲ್ಲ ಅತ್ತೆ ಅಡುಗೆಮನೆಯಲ್ಲಿ ಸೇರಿಸಿ, ಅಳಿಯಂದ್ರು ಪ್ರಯೋಗ ತೋರಿಸ್ತಾರೆ ಎಂದು ಘೋಷಿಸಿದ್ದರು. ಸೀಸೆ ಹದಿನೇಳರ ಟ್ಯೂಬೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಬಿಚ್ಚಿ ನೋಡಿದರೆ ಖಾಲಿ. ತೊಳೆದು ಒಣಗಿಸಿಟ್ಟಿದ್ದನ್ನೇ ಹೊತ್ತುಕೊಂಡು ಬಂದಿದ್ದ. ತಟ್ಟೆಯಲ್ಲಿ ನೀರು, ಎಣ್ಣೆ ಸಿದ್ಧವಾಗಿ ಹನ್ನೆರಡು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಸೀಸೆ ತಿರುಗಿ ನಿಂತು, ಟ್ಯೂಬಿಗೆ ನಲ್ಲಿಯ ನೀರು ಹಿಡಿದ. ಎಣ್ಣೆ ಕದಲುವುದಿಲ್ಲ, ಭಾನುವಾರ ಬ್ಯಾಕ್ಟೀರಿಯಾಕ್ಕೆ ರಜೆ ಎಂದುಬಿಡೋಣ ಎಂದು ಉತ್ತರವನ್ನೂ ಸಿದ್ಧಮಾಡಿಕೊಂಡು ಹನಿಸಿದ.

ಎಣ್ಣೆ ಅಂಚಿಗೆ ಓಡಿತು.

ಹನ್ನೆರಡು ಜನ ಚಪ್ಪಾಳೆ ತಟ್ಟಿದರು. ಸೀಸೆ ತಟ್ಟೆ ನೋಡಿದ, ನಲ್ಲಿ ನೋಡಿದ, ಕೈಯಲ್ಲಿದ್ದ ಫಳಫಳ ಟ್ಯೂಬು ನೋಡಿದ. ಬಕೆಟ್ಟು, ಅರ್ಧ ಮುಚ್ಚಳ ಸೋಪು, ಷಡ್ಡಕನ ಮುಖ ಸಾಲಾಗಿ ಕಣ್ಣಮುಂದೆ ಬಂದವು. ಅವನು ಅಲ್ಲೇ ಮಣೆಯ ಮೇಲೆ ಕೂತುಬಿಟ್ಟ. ಎಷ್ಟು ವಿನಯ ನೋಡಿ ಎಂದು ಮೇಲಿನ ಮನೆಯಾಕೆ ಮೆಚ್ಚಿಕೊಂಡರು.

ಎಲ್ಲರೂ ಹೋದ ಮೇಲೆ ಅತ್ತೆ ಬಾಗಿಲು ಹಾಕಿ ಬಂದರು.

"ನಲ್ಲಿ ನೀರು ಹಿಡಿದಿದ್ದು ನೋಡ್ದೆ."

ಸೀಸೆ ಎಲ್ಲವನ್ನೂ ಹೇಳಿದ. ಗಾಜಿನ ವಿಷಯ ಹೇಳಬೇಕಾದರೆ ಗಾಜು ತೊಳೆಯುವ ವಿಷಯವನ್ನೂ ಹೇಳಬೇಕಾಯಿತು. ಏಳು ವರ್ಷದ ಮರ್ಯಾದೆ ಐದು ನಿಮಿಷದಲ್ಲಿ ಮುಗಿಯಿತು. ಅತ್ತೆ ಸಿಂಕಿನ ನಲ್ಲಿಯನ್ನು ತಿರುಗಿಸಿ ಭದ್ರ ಮಾಡಿದರು.

"ಅಂದ್ರೆ ನೀವು ಅಲ್ಲಿ ಪಾತ್ರೆ ತೊಳೀತೀರಿ."

"ಗಾಜಿನ ಸಾಮಾನು ಅತ್ತೆ."

"ಮತ್ತೆ ಇಲ್ಲಿ ಒಂದು ಲೋಟನೂ ಮುಟ್ಟಲ್ಲ." ಅತ್ತೆ ಅದನ್ನು ಮನಸ್ಸಿನಲ್ಲಿ ಬೇರೆಯಾಗಿ ತೆಗೆದಿಟ್ಟುಕೊಂಡರು. "ಆಯ್ತು, ಅದನ್ನ ಆಮೇಲೆ ನೋಡ್ಕೊಳ್ತೀನಿ. ಆರ್ಡರ್ ಕೈಗೆ ಬರೋವರೆಗೂ ಬಾಯಿಗೆ ಬೀಗ ಹಾಕ್ಕೊಳಿ. ಊರಿಗೆಲ್ಲ ಹೇಳಿದೋಳು ನಾನು. ಮೆಟ್ಟಿಲು ಇಳಿಯೋಳೂ ನಾನೇ."

ಆದರೂ ಸೋಮವಾರ ಸೀಸೆ ಹೇಳಲು ಹೋದ. ಎರಡು ವರ್ಷದಿಂದ ಮೇಡಂ ಊಟ ಬಿಟ್ಟು ದುಡಿಯುವುದನ್ನು ಅವನೂ ನೋಡಿದ್ದ. ಮೇಡಂ ಹದಿನೇಳರ ವೃತ್ತಕ್ಕೆ ಸ್ಕೇಲು ಹಿಡಿದು ಕೂತಿದ್ದರು.

"ಮೇಡಂ, ಇದು... ಸೋಪಿನ ಕೆಲಸ ಅನ್ಸುತ್ತೆ."

"ಸೋಪನ್ನೇ ಮೀರಿಸುತ್ತೆ ಇದು."

"ಅಲ್ಲ ಮೇಡಂ, ಇದು ಸೋಪೇ."

"ಅದನ್ನೇ ನಾನೂ ಎರಡು ವರ್ಷದಿಂದ ಹೇಳ್ತಿರೋದು," ಎಂದು ಮೇಡಂ ಕಣ್ಣು ಒರೆಸಿಕೊಂಡರು. "ಈ ಕಟ್ಟಡದಲ್ಲಿ ಅರ್ಥ ಮಾಡ್ಕೊಂಡವರು ನೀವೊಬ್ರೇ."

ಕಣ್ಣು ಒರೆಸಿಕೊಳ್ಳುವವರ ಮುಂದೆ ಬಕೆಟ್ಟಿನ ವಿಷಯ ಎತ್ತಲು ಅವನಿಂದ ಆಗಲಿಲ್ಲ. ಮಂಗಳವಾರ ಮತ್ತೆ ಹೋದ, ಮೇಡಂ ಸಭೆಯಲ್ಲಿದ್ದರು. ಬುಧವಾರ ನಿರ್ದೇಶಕರೇ ತೊಳೆಯುವ ಕೋಣೆಗೆ ಬಂದು ಹದಿನೇಳರ ಟ್ಯೂಬುಗಳನ್ನು ಬೆಳಕಿಗೆ ಹಿಡಿದು ನೋಡಿದರು. ನಾಳೆ ಅತಿಥಿಗಳಿಗೆ ಇಡುವ ನೀರಿನ ಲೋಟ, ಟೀ ಕಪ್ಪು ಎಲ್ಲವೂ ಹೀಗೇ ಹೊಳೆಯಬೇಕು ಎಂದು ಅಪ್ಪಣೆಯಾಯಿತು. ಸೀಸೆ ಅಪ್ಪಣೆ ಮೀರಿದವನಲ್ಲ.

ಗುರುವಾರ ಸಭಾಂಗಣ ತುಂಬಿತ್ತು. ಕೆಸರಿನ ದಾನಿಯೆಂದು ಅತ್ತೆಗೆ ಮೊದಲ ಸಾಲಿನಲ್ಲಿ ಕುರ್ಚಿ. ಪಕ್ಕದಲ್ಲಿ ಆಹ್ವಾನವಿಲ್ಲದೆ ಬಂದ ಮೇಷ್ಟ್ರು. ಕಾರ್ಯದರ್ಶಿಗಳು ದಪ್ಪ ಕನ್ನಡಕದ, ಯಾವುದಕ್ಕೂ ತಲೆಯಾಡಿಸದ ಮನುಷ್ಯ. ಅವರ ಎದುರಿನ ಮೇಜಿನ ಮೇಲೆ ಎಣ್ಣೆಯ ಎರಡು ತಟ್ಟೆ, ನೀರಿನ ಲೋಟ, ಸಹಿಗೆ ಕಾದ ಸೀಸೆಯ ಕಡತ. ನಿರ್ದೇಶಕರು ಭಾಷಣದಲ್ಲಿ ಆ ಕೊಳವೆಯ ಒಳಭಾಗವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದರು. ಏಳು ವರ್ಷದ ಜಿಡ್ಡು, ಕಪ್ಪು ಕೆಸರು, ಅದರ ವಾಸನೆ, ಆ ನರಕದಲ್ಲಿ ಅರಳಿದ ಸೂಕ್ಷ್ಮಜೀವಿ. ಕಾರ್ಯದರ್ಶಿಗಳು ಕೇಳುತ್ತಾ ಅರ್ಧ ಲೋಟ ನೀರು ಕುಡಿದರು.

ಮೇಡಂ ಹನಿಸಿದರು. ಎಣ್ಣೆ ಓಡಿತು. ಸಭೆ ಚಪ್ಪಾಳೆ ತಟ್ಟಿತು. ಕಾರ್ಯದರ್ಶಿಗಳು ತಲೆಯಾಡಿಸಲಿಲ್ಲ.

"ಬರೀ ನೀರು ಹಾಕಿದ್ರೆ?"

ಸರಿಯಾದ ಪ್ರಶ್ನೆ. ಮೇಡಂ ಸಂತೋಷದಿಂದ ಬೀರುವಿನ ಟ್ಯೂಬು ತರಲು ಹೋದರು. ಬೀಗದ ಕೈ ಬೇರೆ ಕೋಣೆಯ ಚೀಲದಲ್ಲಿತ್ತು. ಕಾರ್ಯದರ್ಶಿಗಳು ಕಾಯುವ ಜಾತಿಯವರಲ್ಲ. ಎರಡನೇ ತಟ್ಟೆ ಎಳೆದುಕೊಂಡು, ಟೀ ಚಮಚವನ್ನು ತಮ್ಮ ಲೋಟಕ್ಕೆ ಅದ್ದಿ, ಎಣ್ಣೆಯ ಮೇಲೆ ಒಂದು ಹನಿ ಬಿಟ್ಟರು.

ಎಣ್ಣೆ ಅಂಚಿಗೆ ಓಡಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾರ್ಯದರ್ಶಿಗಳು ತಟ್ಟೆ ನೋಡಿದರು. ಆಮೇಲೆ ಲೋಟ ನೋಡಿದರು. ಆಮೇಲೆ ತಮ್ಮ ಹೊಟ್ಟೆ ನೋಡಿಕೊಂಡರು.

"ಇದು ನಾನು ಕುಡಿದ ನೀರು," ಎಂದರು ಮೆಲ್ಲಗೆ.

ನಿರ್ದೇಶಕರು ಧೈರ್ಯ ತುಂಬಲು ಹೊರಟರು. ಇಂಥ ಸಂದರ್ಭದಲ್ಲಿ ನಿರ್ದೇಶಕರು ಬಾಯಿ ತೆರೆಯಬಾರದು. "ಗಾಬರಿ ಆಗ್ಬೇಡಿ ಸರ್, ಈ ಬ್ಯಾಕ್ಟೀರಿಯಾ ಮನುಷ್ಯರಿಗೆ ಏನೂ ಮಾಡಲ್ಲ. ಬಹುಶಃ."

"ಆ ಮೋರಿಯಿಂದ ತಂದದ್ದಾ?"

"ನಮ್ಮನೆ ಮೋರಿ ಅಂದ್ರೆ ಏನಂದ್ಕೊಂಡಿದೀರಿ?" ಎಂದು ಅತ್ತೆ ಎದ್ದು ನಿಂತರು. ಅದರ ಒಂದು ಭಾಗ ನಮ್ಮದು ಎಂದು ಮೇಷ್ಟ್ರು ದಾಖಲಿಸಿದರು. ಕಾರ್ಯದರ್ಶಿಗಳ ಮುಖ ಬೆವರಿತು. ಕಾರು ತರಿಸಿ ಎಂದು ಒಬ್ಬ, ವಾಂತಿ ಮಾಡಿಸಿ ಎಂದು ಇನ್ನೊಬ್ಬ, ಉಪ್ಪು ನೀರು ಕುಡಿಸಿ ಎಂದು ಮತ್ತೊಬ್ಬ. ಉಪ್ಪು ನೀರು ಬಂತು. ಅದೂ ಅಷ್ಟೇ ಹೊಳೆಯುವ ಲೋಟದಲ್ಲಿ ಬಂತು. ಕಾರ್ಯದರ್ಶಿಗಳು ಅದನ್ನು ತುಟಿಗೆ ಹಿಡಿದಾಗ ಬಾಗಿಲ ಬಳಿ ನಿಂತಿದ್ದ ಸೀಸೆಗೆ ತಡೆಯಲಾಗಲಿಲ್ಲ.

"ಕುಡೀಬೇಡಿ ಸರ್. ಅದು ಬ್ಯಾಕ್ಟೀರಿಯಾ ಅಲ್ಲ, ಸೋಪು."

ಅತ್ತೆ ಹಣೆ ಚಚ್ಚಿಕೊಂಡು ಕೂತರು. ಸೀಸೆ ಬಕೆಟ್ಟಿನಿಂದ ಹಿಡಿದು ಷಡ್ಡಕನವರೆಗೆ ಎಲ್ಲವನ್ನೂ ಒಪ್ಪಿಸಿದ. ಬೀಗದ ಕೈ ಹಿಡಿದು ಬಾಗಿಲಿಗೆ ಬಂದಿದ್ದ ಮೇಡಂ ಅದನ್ನೆಲ್ಲ ಅವನ ಬೆನ್ನ ಹಿಂದೆಯೇ ನಿಂತು ಕೇಳಿದರು.

"ಬರೀ ಸೋಪಾ?" ಎಂದರು ಕಾರ್ಯದರ್ಶಿಗಳು.

"ಪಾತ್ರೆ ತೊಳೆಯೋದು ಸರ್. ನಿಂಬೆ ವಾಸನೇದು."

ಆ ದಿನ ಮೊದಲ ಬಾರಿಗೆ ಕಾರ್ಯದರ್ಶಿಗಳು ತಲೆಯಾಡಿಸಿದರು. ಕುರ್ಚಿಗೆ ಒರಗಿದರು. ಮುಖಕ್ಕೆ ರಕ್ತ ಮರಳಿತು. ಅವರು ಎದ್ದು, ಯಾವ ಕಡತವನ್ನೂ ತೆರೆಯದೆ, ಲೋಟವನ್ನು ಎರಡು ಬೆರಳಲ್ಲಿ ದೂರ ಸರಿಸಿ ಹೊರಟುಹೋದರು.

ಸೀಸೆಯ ಮನೆಯಲ್ಲಿ ಆ ವಾರ ಯಾರೂ ಏನನ್ನೂ ಕರಿಯಲಿಲ್ಲ. ಅವನು ಅಲ್ಲಿ ಇಲ್ಲಿ ಕೆಲಸ ವಿಚಾರಿಸಿದ. ಷಡ್ಡಕನ ಹೋಟೆಲಿನಲ್ಲಿ ಒಂದು ಜಾಗವಿತ್ತು, ಲೋಟ ತೊಳೆಯುವುದು. ಇತ್ತ ನಿರ್ದೇಶಕರು ಅವನನ್ನು ವಜಾ ಮಾಡುವ ಆದೇಶ ಬರೆಸತೊಡಗಿದರು. ವಜಾಕ್ಕೆ ಕಾರಣ ಬರೆಯಬೇಕು. ಗಾಜಿಗೆ ಸೋಪು ಉಳಿಸಿದ್ದು ಕಾರಣವೆಂದು ಬರೆದರೆ, ಎರಡು ತಿಂಗಳು ಇಲಾಖೆಗೆ ಕಳಿಸಿದ ವರದಿಗಳೆಲ್ಲ ನಿಂಬೆ ವಾಸನೆಯ ಸೋಪಿನವು ಎಂದು ತಮ್ಮ ಸಹಿಯಲ್ಲೇ ಒಪ್ಪಿಕೊಂಡಂತೆ. ಬೇರೆ ಕಾರಣ ಬರೆಯೋಣವೆಂದರೆ ಹನ್ನೊಂದು ವರ್ಷದಲ್ಲಿ ಅವನು ಒಂದು ದಿನ ತಡವಾಗಿ ಬಂದವನಲ್ಲ. ಮೂರು ಕರಡು ಬರೆದು ಹರಿದರು. ಸುಮ್ಮನೆ ಗಡುವು ಮುಗಿಯಲಿ ಎಂದರೆ ಆ ಮನುಷ್ಯ ಹೊರಗೆ ಹೋಗಿ ಬಾಯಿ ಬಿಡುತ್ತಾನೆ. ಬಾಯಿ ಬಿಡುವುದರಲ್ಲಿ ಅವನ ಸಾಮರ್ಥ್ಯವನ್ನು ಎಲ್ಲರೂ ಕಂಡಿದ್ದರು. ಕಾರಣ ಬರೆಯಬೇಕಿಲ್ಲದ, ಬಾಯಿಯನ್ನೂ ಮುಚ್ಚಿಸುವ ಆದೇಶ ಕಚೇರಿಯಲ್ಲಿ ಒಂದೇ ಒಂದಿತ್ತು.

ಸೀಸೆ ಖಾಯಂ ಆದ. ಹುದ್ದೆ, ಪ್ರಯೋಗಾಲಯ ಸಹಾಯಕ. ಕೆಳಗೆ ಒಂದು ಷರತ್ತು: ಸದರಿಯವರು ಯಾವುದೇ ಗಾಜಿನ ಸಾಮಾನನ್ನು ಮುಟ್ಟತಕ್ಕದ್ದಲ್ಲ.

ಅತ್ತೆ ಆದೇಶವನ್ನು ಚೌಕಟ್ಟು ಹಾಕಿಸಿ, ಷರತ್ತಿನ ಭಾಗ ಚೌಕಟ್ಟಿನೊಳಗೆ ಮಡಚಿಹೋಗುವಂತೆ ನೋಡಿಕೊಂಡರು. ತೆಗೆದಿಟ್ಟುಕೊಂಡಿದ್ದ ವಿಷಯವನ್ನೂ ಆ ದಿನವೇ ಹೊರತೆಗೆದರು. ಷರತ್ತು ಪ್ರಯೋಗಾಲಯಕ್ಕೆ, ಮನೆಗಲ್ಲ. ಅಂದಿನಿಂದ ಮನೆಯ ಪಾತ್ರೆಗಳೆಲ್ಲ ಅಳಿಯಂದಿರ ಪಾಲಿಗೆ ಬಂದವು.

ಮೇಡಂ ಒಂದು ತಿಂಗಳು ಸೀಸೆಯ ಜೊತೆ ಮಾತಾಡಲಿಲ್ಲ. ತಮ್ಮ ಬೀರುವಿನ ಗಾಜಿನಲ್ಲೇ ಎಲ್ಲ ಕೆಸರನ್ನೂ ಮೊದಲಿನಿಂದ ಪರೀಕ್ಷಿಸಿದರು. ಹದಿನೇಳರ ಹನಿ ಎಣ್ಣೆಯ ಮೇಲೆ ಮುತ್ತಿನಂತೆ ಕೂತಿತು, ಏನೂ ಮಾಡಲಿಲ್ಲ. ಕೊನೆಗೆ ಫ್ರಿಜ್ಜಿನ ಮೂಲೆಯ ಮೂವತ್ತೊಂದನ್ನೂ ಹೊರತೆಗೆದರು. ಅದರ ಹನಿ ಬಿದ್ದಾಗ ಎಣ್ಣೆ ಯಾವ ಗಡಿಬಿಡಿಯೂ ಇಲ್ಲದೆ, ಪ್ರಾಮಾಣಿಕವಾಗಿ, ಮೂರು ಬೆರಳಗಲ ಹಿಂದೆ ಸರಿಯಿತು. ಇಪ್ಪತ್ತು ಸಲ ಮಾಡಿದರೂ ಅಷ್ಟೇ. ಆಮೇಲೆ ಮೇಡಂ ಊಟಕ್ಕೆ ಹೋದರು.

ಈಗ ಮೇಷ್ಟ್ರು ಬಚ್ಚಲಿಗೆ ಬೀಗ ಹಾಕಿಕೊಂಡು ಓಡಾಡುತ್ತಾರೆ. ನಾಲ್ಕು ವರ್ಷ ಹಿಡಿಶಾಪ ಹಾಕಿದ ಗೋಡೆಯನ್ನು ಬಂದವರಿಗೆಲ್ಲ ತೋರಿಸುತ್ತಾರೆ. ಬಂದವರು ಮೂಗು ಮುಚ್ಚಿಕೊಂಡೇ ಅಭಿನಂದಿಸಿ ಹೋಗುತ್ತಾರೆ. ಮೇಡಂ ಎರಡನೇ ಸಲ ಕೆಸರು ಕೇಳಿದ ದಿನ ಮೇಷ್ಟ್ರಿಗೆ ದಿಗಿಲಾಯಿತು. ಗೋಡೆ ಒಣಗುತ್ತಿತ್ತು. ಅವರು ಅಂಗಿಯ ಗುಂಡಿ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದರು. ಅಷ್ಟು ವರ್ಷಗಳಲ್ಲಿ ಅವರು ಜಗಳಕ್ಕಲ್ಲದೆ ಆ ಬಾಗಿಲು ತಟ್ಟಿದ್ದು ಅದೇ ಮೊದಲು.

"ಏನಿಲ್ಲ, ಸುಮ್ನೆ ಬಂದೆ. ನಿಮ್ಮನೇಲಿ ಇತ್ತೀಚೆಗೆ ಏನೂ ಕರಿದ ಹಾಗಿಲ್ವಲ್ಲ?"

"ಬಿಟ್ಟಿದೀವಿ," ಎಂದರು ಅತ್ತೆ.

"ಹಾಗೆ ಒಮ್ಮೆಗೇ ಬಿಡಬಾರದು. ವಾರಕ್ಕೆ ಎರಡು ಸಲನಾದ್ರೂ..."

ಅತ್ತೆ ಗೋಡೆಯ ಮೇಲಿನ ಚೌಕಟ್ಟನ್ನು ಸೆರಗಿನಿಂದ ಒರೆಸಿದರು. ನಿಧಾನವಾಗಿ ಕೂತರು.

"ಅರ್ಜಿ ಬರ್ಕೊಂಡು ಬನ್ನಿ ಮೇಷ್ಟ್ರೇ. ನೋಡೋಣ."

ಮಾರನೇ ದಿನ ಮೇಷ್ಟ್ರು ಬಂದರು. ನಾಲ್ಕು ಪುಟ, ಕೊನೆಯ ಪುಟದಲ್ಲಿ ಗೋಡೆಯ ಚಿತ್ರ. ಅತ್ತೆ ಓದುವಷ್ಟರಲ್ಲಿ ಸೀಸೆ ಒಳಗಿನಿಂದ ಒಂದು ಲೋಟ ನೀರು ತಂದಿಟ್ಟ. ಮೇಷ್ಟ್ರು ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಗಾಜಿನ ಮೇಲೆ ಅಲ್ಲಲ್ಲಿ ಹನಿಯ ಕಲೆ ಕಂಡ ಮೇಲೇ ಕುಡಿದರು.